ಎಂ.ಎ. ತಿಮ್ಮರಾಜುವಿನ ಗಂಗೋತ್ರಿ ಯಾತ್ರೆ

ಹೊನ್ನಪ್ಪನ ಮಗಳು ರಂಜಿತಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಸೀಟು ಸಿಕ್ಕಿತು. ಇದರಲ್ಲಿ ತಿಮ್ಮರಾಜುವಿನ ತಪ್ಪು ಎಳ್ಳಷ್ಟೂ ಇರಲಿಲ್ಲ. ಆದರೂ ತೊಂಬತ್ತಾರನೇ ಇಸವಿಯ ಆಗಸ್ಟ್ ತಿಂಗಳ ಆ ಸೋಮವಾರ ಅದನ್ನು ಅನುಭವಿಸಬೇಕಾಗಿ ಬಂದದ್ದು ಅವನೇ.

ಅರಕೆರೆಯ ಪಕ್ಕದ ಮಲ್ಲೇನಕೊಪ್ಪಲಿನಲ್ಲಿ ತಿಮ್ಮರಾಜು ಹಾಲಿನ ಡೈರಿಯ ಸೆಕ್ರೆಟರಿ. ಡೈರಿಯ ಅಧ್ಯಕ್ಷ ಹೊನ್ನಪ್ಪ. ಊರಿನವರೆಲ್ಲ ತಿಮ್ಮರಾಜುವನ್ನು ‘ಎಂ.ಎ. ತಿಮ್ಮರಾಜು’ ಎಂದೇ ಕರೆಯುತ್ತಿದ್ದರು, ಏಕೆಂದರೆ ಆ ಊರಿನಿಂದ ಗಂಗೋತ್ರಿಗೆ ಹೋಗಿ ಓದಿದವನು ಅವನೊಬ್ಬನೇ. ನಾಗಮಂಗಲದ ಕಡೆಯ ಪ್ರಮೀಳಾ ಅವನಿಗೆ ಹೆಂಡತಿಯಾಗಿ ಬಂದದ್ದು ಆ ಎರಡಕ್ಷರ ನೋಡಿ. ಬೀದಿಯಲ್ಲಿ ಹಿರಿಯರು ಪಕ್ಕಕ್ಕೆ ಸರಿದು ಜಗುಲಿಯ ಮೇಲೆ ಜಾಗ ಕೊಡುತ್ತಿದ್ದದ್ದೂ ಅದಕ್ಕೇ. ಆ ಎರಡಕ್ಷರ ಬಿಟ್ಟರೆ ಅವನಿಗೆ ಇದ್ದದ್ದು ಒಂದು ಸೈಕಲ್ಲು, ಒಂದು ಸೀಮೆಹಸು, ಮತ್ತು ಬೆಳಗಿನ ನಾಲ್ಕೂವರೆಗೆ ಏಳುವ ಕರ್ಮ.

ಕಷ್ಟವೇನೆಂದರೆ, ತಿಮ್ಮರಾಜು ಎಂ.ಎ. ಫೇಲಾಗಿದ್ದ.

ಎಂಬತ್ತಮೂರರಲ್ಲಿ ಫಲಿತಾಂಶ ಬಂದಾಗ ಅವನಿಗೆ ಹೋಗಿ ನೋಡುವ ಧೈರ್ಯವಾಗಲಿಲ್ಲ. ಪಾಂಡವಪುರದ ಆಲೆಮನೆಯಿಂದ ಬೆಲ್ಲದ ಲಾರಿಯಲ್ಲಿ ಮೈಸೂರಿಗೆ ಹೊರಟಿದ್ದ ಗೆಳೆಯ ಕುಳ್ಳಯ್ಯನ ಕೈಗೆ ರಿಜಿಸ್ಟರ್ ನಂಬರು ಬರೆದ ಚೀಟಿ ಕೊಟ್ಟು, ನೋಡಿಕೊಂಡು ಬಾ ಎಂದಿದ್ದ. ಕುಳ್ಳಯ್ಯ ಸಂಜೆ ಬಂದು, “ಎರಡು ಸಲ ನೋಡ್ದೆ ಕಣ್ಲಾ, ನಿನ್ನ ನಂಬರು ಇಲ್ಲ” ಎಂದ. ಅಷ್ಟರಲ್ಲಿ ತಿಮ್ಮರಾಜುವಿನ ಅಪ್ಪ ಮಗ ಪಾಸಾದನೆಂದು ಊರಿಗೆಲ್ಲ ಮಂಡ್ಯದ ಮೈಸೂರುಪಾಕು ಹಂಚಿ ಮುಗಿಸಿದ್ದ. ತಿಂದವರ ಬಾಯಿಂದ ಅದನ್ನು ವಾಪಸು ತೆಗೆಯುವುದು ಹೇಗೆ? ತಿಮ್ಮರಾಜು ಸುಮ್ಮನಾದ. ಕುಳ್ಳಯ್ಯನೂ ಸುಮ್ಮನಾದ, ಆದರೆ ಪುಕ್ಕಟೆಗಲ್ಲ. ತಿಮ್ಮರಾಜು ಡೈರಿಯ ಸೆಕ್ರೆಟರಿಯಾದ ಮೇಲೆ, ನೀರು ಬೆರೆತಿದೆಯೇ ಎಂದು ನೋಡಲು ಎಲ್ಲರ ಹಾಲಿಗೂ ಲ್ಯಾಕ್ಟೋಮೀಟರ್ ಬಿಡುತ್ತಿದ್ದ, ಕುಳ್ಳಯ್ಯನ ಹಾಲಿಗೆ ಮಾತ್ರ ಬಿಡುತ್ತಿರಲಿಲ್ಲ. ಕುಳ್ಳಯ್ಯನ ಮನೆಯಲ್ಲಿ ಎಮ್ಮೆ ಹಾಲು ಬತ್ತಿದ ತಿಂಗಳೂ ಕ್ಯಾನು ತುಂಬಿ ಬರುತ್ತಿತ್ತು.

ಒಂದು ಸುಳ್ಳು ಹೇಳಿದವನು ಅಷ್ಟಕ್ಕೇ ನಿಂತರೆ ಅವನು ಬುದ್ಧಿವಂತ. ತಿಮ್ಮರಾಜು ನಿಲ್ಲಲಿಲ್ಲ. ಮತ್ತೆ ಲೆಕ್ಚರರ್ ಯಾಕಾಗಲಿಲ್ಲ ಎಂದು ಜನ ಕೇಳಿದಾಗ, “ನಾಗಮಂಗಲದಲ್ಲಿ ಕರೆದ್ರು, ಕೆ.ಆರ್. ಪೇಟೆಲಿ ಕರೆದ್ರು, ಊರ ಸೇವೆ ಬುಟ್ಟು ಓಗಕ್ಕೆ ಮನಸಾಗ್ನಿಲ್ಲ” ಎಂದ. ಗಂಗೋತ್ರಿಯಲ್ಲಿ ಈಗಲೂ ನನ್ನ ಮಾತು ನಡೆಯುತ್ತದೆ ಎಂದ. ಯಾಕಾದರೂ ಅಂದೆನೋ ಎಂದು ಅವನಿಗೆ ಅನಿಸಿದ್ದು ಈ ಸೋಮವಾರ.

ಬೆಳಿಗ್ಗೆ ಹಾಲು ಅಳೆಯುವ ಹೊತ್ತಿಗೆ ಹೊನ್ನಪ್ಪ ಬಿಳಿ ಪಂಚೆ ಉಟ್ಟು ಡೈರಿಗೆ ಬಂದ. ಜೊತೆಗೆ ಅವನ ತಾಯಿ ಬೈರಮ್ಮ, ಹಿಂದೆ ಪ್ಲಾಸ್ಟಿಕ್ ಫೈಲು ಅಪ್ಪಿಕೊಂಡ ರಂಜಿತ.

“ಲೇ ತಿಮ್ಮರಾಜು, ಇವತ್ತು ಮಧ್ಯಾನ್ನ ಒಂದು ಗಂಟೆ ಒಳಗೆ ಓಗಿ ಸೇರ್ಕಬೇಕಂತೆ. ಇಲ್ದಿದ್ರೆ ಸೀಟು ಬೇರೆಯೋರಿಗೆ. ಕಳುಸ್ಲಾ, ಮದುವೆ ಮಾಡ್ಲಾ, ಒಂದೂ ತೋಚ್ತಿಲ್ಲ. ನೀನು ಅಲ್ಲಿ ಓದ್ದೋನು. ಗಂಗೋತ್ರಿಗೆ ಕಳುಸುದ್ರೆ ಏನ್ ಲಾಭ, ಏನ್ ನಷ್ಟ, ಬುಡಿಸಿ ಯೋಳು. ಕಳುಸೋದು ಅಂತಾದ್ರೆ ನೀನೇ ಜೊತೆಗೆ ಬಂದು ನಿನ್ನ ಮೇಷ್ಟ್ರಿಗೆ ಒಂದು ಮಾತು ಯೋಳ್ಬೇಕು.”

ತಿಮ್ಮರಾಜು ಅಳೆದ ಹಾಲನ್ನೇ ಇನ್ನೊಂದು ಸಲ ಅಳೆದ. ತಾನೂ ಓದಿದ ಆ ಇತಿಹಾಸ ವಿಭಾಗದ ಬಾಗಿಲಿಗೆ ಹೋದರೆ, ಯಾವನಾದರೂ ಹಳೇ ಗುಮಾಸ್ತ ಗುರುತು ಹಿಡಿದು ‘ಓಹೋ, ಫೇಲಾದವನಲ್ಲವೇ’ ಎಂದರೆ, ಎಂ.ಎ. ಹೋಯಿತು, ಅಧ್ಯಕ್ಷನ ಎದುರೇ ಮಾನ ಹೋಯಿತು, ಪ್ರಮೀಳಾಗೆ ಗೊತ್ತಾದರೆ ಊಟವೂ ಹೋಯಿತು. ಹೇಗಾದರೂ ಮಾಡಿ ಇವರು ಹೋಗದಂತೆ ಮಾಡಬೇಕು.

“ಅಣ್ಣ, ಲಾಭಕ್ಕಿಂತ ನಷ್ಟವೇ ಜಾಸ್ತಿ” ಎಂದು ಶುರುಮಾಡಿದ. “ದಿನಾ ಓಗಿ ಬರೋಕೆ ದೂರ.”

“ಪಟ್ಟಣಕ್ಕೆ ಓದ್ರೆ ಅಲ್ಲಿಂದ ಮೈಸೂರಿಗೆ ನಿಮಿಷಕ್ಕೊಂದು ಬಸ್ಸು. ಅದೇನ್ ದೂರನ್ಲಾ?” ಎಂದಿತು ಸಾಲಿನಲ್ಲಿ ನಿಂತಿದ್ದ ಒಂದು ಕ್ಯಾನು.

“ಆಸ್ಟಲ್ ಊಟ ಚೆಂದಾಗಿಲ್ಲ. ಮುದ್ದೆ ಕಣ್ಣಿಗೂ ಕಾಣಲ್ಲ.”

ಬೈರಮ್ಮ ಕಣ್ಣರಳಿಸಿದಳು. “ಮುದ್ದೆ ಇಲ್ವಾ? ಅಂಗಾರೆ ಕಳ್ಸು ಕಣ್ಲಾ ಹೊನ್ನಪ್ಪ. ಎರಡು ವರ್ಸ ಮುದ್ದೆ ಬುಟ್ರೆ ಮಗಾ ವಸಿ ಸಣ್ಣ ಆಯ್ತದೆ. ಗಂಡು ಬೇಗ ಒಪ್ಕತವೆ.”

“ಲೈಬ್ರರಿ ಎಷ್ಟು ದೊಡ್ಡದು ಅಂದ್ರೆ ದಾರಿ ತಪ್ಪೋಯ್ತದೆ.”

“ನಮ್ಮ ಕಬ್ಬಿನ ಗದ್ದೆಲಿ ಕಳೆದೋದ ಕರುನ ಹುಡುಕ್ಕಂಡು ಬರೋಳು ಕಣಯ್ಯ ಇವ್ಳು” ಎಂದ ಹೊನ್ನಪ್ಪ, ಹೆಮ್ಮೆಯಿಂದ.

ತಿಮ್ಮರಾಜು ಕೊನೆಯ ಬಾಣ ತೆಗೆದ. “ಅಲ್ಲಿ ಹುಡುಗ್ರು ಹುಡುಗೀರು ಜೋಡಿ ಜೋಡಿಯಾಗಿ ಮರದ ಕೆಳಗೆ ಕೂತಿರ್ತಾರಣ್ಣ.”

ಇದು ತಾಗಿತು. ಹೊನ್ನಪ್ಪನ ಮುಖ ಗಂಟಾಯಿತು. ಆಗ ರಂಜಿತ ಬಾಯಿಬಿಟ್ಟಳು. “ಚಿಕ್ಕಪ್ಪ, ಹೋದ ವರ್ಷ ಡೈರಿ ವಾರ್ಷಿಕ ಸಭೇಲಿ ನೀವೇ ಮೈಕ್ ಮುಂದೆ ಹೇಳಿದ್ರಿ, ಗಂಗೋತ್ರಿಲಿ ಪುಸ್ತಕದಿಂದ ಯಾರೂ ತಲೆ ಎತ್ತೋದೇ ಇಲ್ಲ ಅಂತ.”

ಹೇಳಿದ್ದ. ಇಪ್ಪತ್ತು ನಿಮಿಷ ಹೇಳಿದ್ದ. ಜನ ಚಪ್ಪಾಳೆಯನ್ನೂ ತಟ್ಟಿದ್ದರು.

“ಸರಿ ಬುಡು, ತೀರ್ಮಾನ ಆಯ್ತು. ನಡಿ” ಎಂದ ಹೊನ್ನಪ್ಪ. “ಸಂಜೆ ಆಲು ಹೊತ್ತಿಗೆ ವಾಪಸ್ ಬರಾನ.”

“ನಾನೂ ಬತ್ತೀನಿ” ಎಂದು ಕುಳ್ಳಯ್ಯ ಹೆಗಲಿಗೆ ಟವೆಲ್ಲು ಹಾಕಿಕೊಂಡ. “ತಿಮ್ಮರಾಜು ಓದಿದ ಜಾಗ ನಾನೂ ನೋಡ್ಬೇಡ್ವಾ?” ಹೇಳುತ್ತಾ ತಿಮ್ಮರಾಜುವಿಗೆ ಕಣ್ಣು ಹೊಡೆದ. ಇಂಥ ಗೆಳೆಯನಿಗಿಂತ ಬೆನ್ನಿಗೆ ಕುರುವೇ ವಾಸಿ, ಅದಾದರೂ ಒಡೆದು ಹೋಗುತ್ತದೆ.

ಬಸ್ಸಿನಲ್ಲಿ ಕೂತರೂ ನೆಮ್ಮದಿಯಿಲ್ಲ. ಹೊನ್ನಪ್ಪ ಸಿಕ್ಕವರಿಗೆಲ್ಲ ವಿಷಯ ಹೇಳಿದ. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು, ಗಂಗೋತ್ರಿಯಲ್ಲಿ ಓದಿದರೆ ಕೆಎಎಸ್ ಗ್ಯಾರಂಟಿ ಎಂದ. ಕೋಳಿ ಹಿಡಿದು ಕೂತಿದ್ದವನೊಬ್ಬ, ಹೆಣ್ಣುಮಕ್ಕಳು ಹೆಚ್ಚು ಓದಿದರೆ ಅಷ್ಟೇ ಓದಿದ ಗಂಡು ಹುಡುಕುವ ಗೋಳು ಎಂದ. ಅವನ ಕೋಳಿಯೂ ಏನೋ ಅಂದಿತು. ಎಲ್ಲರೂ ಕೊನೆಗೆ ತಿರುಗಿ ಕೇಳುತ್ತಿದ್ದದ್ದು ತಿಮ್ಮರಾಜುವನ್ನೇ: “ಎಂ.ಎ.ನೋರೆ, ನೀವೇನಂತೀರಾ?” ಅವನು ಕಿಟಕಿಯ ಕಡೆ ತಿರುಗಿ ನಾಲೆಯ ನೀರು ನೋಡುತ್ತ ಕುಳಿತ. ಹಾರಿಕೊಂಡುಬಿಡಲೇ ಎಂದೂ ಒಮ್ಮೆ ಅನಿಸಿತು, ಆದರೆ ಮೊಣಕಾಲುದ್ದ ನೀರಿಗೆ ಹಾರಿ ಏನು ಪ್ರಯೋಜನ?

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಇಳಿದದ್ದೇ ಅವನು ಹೊಟ್ಟೆ ಹಿಡಿದುಕೊಂಡ. “ಅಣ್ಣ, ಬೆಳಗ್ಗಿನ ಉಪ್ಪಿಟ್ಟು ಕೈ ಕೊಟ್ಬುಡ್ತು. ವಸಿ ಇಲ್ಲೇ ಇರಿ” ಎಂದು ಶೌಚಾಲಯದ ಕಡೆ ಓಡಿದ. ಅಲ್ಲಿ ಮೂಗು ಮುಚ್ಚಿಕೊಂಡು ನಲವತ್ತು ನಿಮಿಷ ನಿಂತ. ಮೂಗಿಗೆ ಇಷ್ಟು ದೊಡ್ಡ ಶಿಕ್ಷೆ ಕೊಟ್ಟು ಉಳಿಸಿಕೊಂಡ ಮಾನ ಲೋಕದಲ್ಲಿ ಬೇರೆ ಇರಲಾರದು. ಹೊರಗೆ ಒಂದರ ಹಿಂದೆ ಒಂದು ಮೈಸೂರು ಬಸ್ಸುಗಳು ಹೊರಡುವ ಸದ್ದು ಕೇಳುತ್ತಿತ್ತು. ಇನ್ನೊಂದು ಗಂಟೆ ಹೀಗೇ ತಳ್ಳಿದರೆ ಮುಗಿಯಿತು ಎಂದುಕೊಂಡ.

ಹೊರಗೆ ಬಂದಾಗ ಹೊನ್ನಪ್ಪ ಸೋಡಾ ತರಲು ಹೋಗಿದ್ದ, ಕುಳ್ಳಯ್ಯ ಅವನ ಖರ್ಚಿನಲ್ಲೇ ಕಾಫಿ ಕುಡಿಯಲು ಹೋಗಿದ್ದ. ರಂಜಿತ ಒಬ್ಬಳೇ ಕಂಬಕ್ಕೆ ಒರಗಿ ನಿಂತು ಕೈಗಡಿಯಾರ ನೋಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

“ಈಗ ಹೊಟ್ಟೆ ಹೆಂಗದೆ ಚಿಕ್ಕಪ್ಪ?” ಎಂದಳು. ಆಮೇಲೆ ತಡೆದುಕೊಳ್ಳಲಾರದೆ, “ಹನ್ನೊಂದೂ ಮುಕ್ಕಾಲಾಯ್ತು. ಇವತ್ತು ತಪ್ಪಿದ್ರೆ ಅಪ್ಪ ಮತ್ತೆ ಕಳ್ಸಲ್ಲ. ನಂಗೆ ಓದ್ಬೇಕು ಅಂತ ಆಸೆ ಬಂದಿದ್ದೇ ನೀವು ಹೇಳ್ತಿದ್ದ ಗಂಗೋತ್ರಿ ಕತೆ ಕೇಳಿ. ಬೇರೆ ಯಾರಿದ್ರು ನಂಗೆ ಹೇಳೋಕೆ?” ಎಂದಳು.

ತಿಮ್ಮರಾಜುವಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ. ಅದರ ಜೊತೆಗೇ ಭಾರೀ ಆಯಾಸವೂ ಆಯಿತು. ಹದಿಮೂರು ವರ್ಷದಿಂದ ಒಂದು ಸುಳ್ಳನ್ನು ಹೊತ್ತು, ಅದಕ್ಕೆ ಮೇವು ಹಾಕಿ, ನೀರು ಕುಡಿಸಿ ಸಾಕಿ ಸಾಕಿ ಅವನಿಗೆ ಸಾಕಾಗಿತ್ತು. ಆದದ್ದಾಗಲಿ, ಈ ಹುಡುಗಿಯ ಸೀಟು ನನ್ನಿಂದ ಹಾಳಾಗುವುದು ಬೇಡ ಎಂದುಕೊಂಡ.

“ಹೊಟ್ಟೆ ಸರಿ ಹೋಯ್ತು ಕಣವ್ವ. ಬಾ, ಬಸ್ಸು ಹತ್ತಾನ” ಎಂದ.

ಬಸ್ಸು ಕಾವೇರಿ ಸೇತುವೆ ದಾಟುವಾಗ ಅವನು ಯಾರೂ ಕೇಳದೆಯೇ ಮಾತಾಡಿದ. “ಹೊನ್ನಪ್ಪಣ್ಣ, ಬೆಳಗ್ಗೆ ಅಂದಿದ್ದು ಬುಟ್ಬುಡು. ನಿಜ ಯೋಳ್ತೀನಿ. ಅಲ್ಲಿ ಊಟ ಸುಮಾರು, ರೂಮು ಸಣ್ಣದು, ಓದಿ ಮುಗುಸ್ದೋರಿಗೆಲ್ಲ ಕೆಲಸ ಸಿಕ್ಕಲ್ಲ. ಆದ್ರೆ ಮಧ್ಯಾನ್ನ ಲೈಬ್ರರಿಲಿ ಕಿಟಕಿ ಪಕ್ಕ ಕೂತ್ರೆ, ನೀನ್ ಯಾರ ಮಗ, ಎಷ್ಟು ಗದ್ದೆ ಐತೆ, ಯಾವ ಊರು ಅಂತ ಒಬ್ಬನೂ ಕೇಳಾಕಿಲ್ಲ. ನನ್ನ ಆಯಸ್ಸಲ್ಲಿ ನಾನು ಸುಖವಾಗಿದ್ದಿದ್ದು ಆ ಎರಡು ವರ್ಷ. ಇವಳಿಗೂ ಅದು ಸಿಗಲಿ.”

ಹೊನ್ನಪ್ಪ ಅವನ ಕಡೆ ತಿರುಗಿ, “ಇದನ್ನ ಬೆಳಗ್ಗೇನೆ ಅಂದಿದ್ರೆ ನಿನ್ನ ಗಂಟೇನ್ಲಾ ಓಗ್ತಿತ್ತು?” ಎಂದ.

ಇತಿಹಾಸ ವಿಭಾಗದ ಕಚೇರಿ ತಲುಪಿದಾಗ ಹನ್ನೆರಡೂವರೆ. ಹತ್ತು ನಿಮಿಷದಲ್ಲಿ ರಂಜಿತಳ ಕೆಲಸ ಮುಗಿಯಿತು, ಯಾರ ಮಾತೂ ಬೇಕಾಗಲಿಲ್ಲ. ಅಷ್ಟೂ ಹೊತ್ತು ತಿಮ್ಮರಾಜು ಹೊರಗೆ ಕಂಬದ ಹಿಂದೆ ನಿಂತಿದ್ದ. ಅವನ ದುರದೃಷ್ಟಕ್ಕೆ ಕಂಬ ತೆಳ್ಳಗಿತ್ತು, ಅವನು ತೆಳ್ಳಗಿರಲಿಲ್ಲ. ಹೊನ್ನಪ್ಪ ತೋಳು ಹಿಡಿದು ಒಳಗೆ ಎಳೆದು ತಂದ.

“ಸ್ವಾಮಿ, ಇವ್ನು ನಮ್ಮೂರ ತಿಮ್ಮರಾಜು. ಎಂಬತ್ತಮೂರರಲ್ಲಿ ನಿಮ್ಮಲ್ಲೇ ಎಂ.ಎ. ಮಾಡ್ದೋನು. ಜ್ಞಾಪಕ ಐತಾ?”

ಮೇಜಿನ ಹಿಂದೆ ಕೂತಿದ್ದ ಹಿರಿಯ ಗುಮಾಸ್ತ ಶ್ರೀನಿವಾಸಮೂರ್ತಿಗಳು ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ತಿಮ್ಮರಾಜು... ಎಂಬತ್ತಮೂರನೇ ಇಸವಿ?” ಎಂದರು ನಿಧಾನವಾಗಿ. “ನಿಮ್ಮ ಹತ್ರ ಮಾತಾಡೋದಿದೆ, ಒಂದು ನಿಮಿಷ ಇರಿ.” ತಿಮ್ಮರಾಜು ಮತ್ತೆ ಹೊರಗಿನ ಕಂಬದ ಕಡೆ ನೋಡಿದ.

ಅದೃಷ್ಟಕ್ಕೆ ಹಾಸ್ಟೆಲಿನ ಅರ್ಜಿಯನ್ನು ಆಚೆಯ ಕಟ್ಟಡದಲ್ಲಿ ಒಂದು ಗಂಟೆಯೊಳಗೆ ಕೊಡಬೇಕಿತ್ತು. ಹೊನ್ನಪ್ಪನೂ ರಂಜಿತಳೂ ಅತ್ತ ಓಡಿದರು. ಕಚೇರಿಯಲ್ಲಿ ಉಳಿದವರು ತಿಮ್ಮರಾಜು, ಕುಳ್ಳಯ್ಯ ಇಬ್ಬರೇ. ಮೂರ್ತಿಗಳು ಕಬ್ಬಿಣದ ಬೀರು ತೆರೆದು, ದಾರ ಕಟ್ಟಿದ ಒಂದು ಕಟ್ಟು ತಂದು ಬಿಚ್ಚಿದರು.

“ಏನ್ ಮಹರಾಯರು ರೀ ನೀವು! ನೀವು ಓದುವಾಗ ಇದ್ದ ರೂಮಿನ ವಿಳಾಸಕ್ಕೆ ಎರಡು ಸಲ ಕಾಗದ ಹಾಕಿದೆ, ಎರಡೂ ವಾಪಸ್ ಬಂತು. ಮುಂದಿನ ತಿಂಗಳು ನಂಗೆ ರಿಟೈರ್ಮೆಂಟು, ಇದನ್ನ ಯಾರ ತಲೆಗೆ ಕಟ್ಟಿ ಹೋಗ್ಲಿ ಅಂತಿದ್ದೆ. ತಗೊಳ್ಳಿ, ನಿಮ್ಮ ಮಾರ್ಕ್ಸ್ ಕಾರ್ಡು. ಸೆಕೆಂಡ್ ಕ್ಲಾಸು, ಐವತ್ತೆಂಟು ಪರ್ಸೆಂಟು. ಚೆನ್ನಾಗೇ ಬರೆದಿದ್ದೀರಿ.”

ಹಿಂಬದಿಯಲ್ಲಿ ‘ವಿತರಿಸಲಾಗಿದೆ’ ಎಂಬ ಮೊಹರು ಒತ್ತಿ, ಅವತ್ತಿನ ತಾರೀಖು ಹಾಕಿ, ಸಹಿ ಮಾಡಿಸಿಕೊಂಡು ಕೈಗಿಟ್ಟರು.

ತಿಮ್ಮರಾಜು ತನ್ನ ಹೆಸರನ್ನು ನಾಲ್ಕು ಸಲ ಓದಿದ. ಕಣ್ಣಲ್ಲಿ ನೀರು ಬಂತು. ನಾನು ಪಾಸಾಗಿದ್ದೆ. ದೇವರೇ, ನಾನು ಪಾಸಾಗಿದ್ದೆ! ಆಮೇಲೆ ಮೆಲ್ಲಗೆ ಕುಳ್ಳಯ್ಯನ ಕಡೆ ತಿರುಗಿದ. ಕುಳ್ಳಯ್ಯ ಆಗಲೇ ಬಾಗಿಲ ಹತ್ತಿರ ಇದ್ದ. ತಿಮ್ಮರಾಜು ವೆರಾಂಡದಲ್ಲಿ ಅವನ ಟವೆಲ್ಲು ಹಿಡಿದು ನಿಲ್ಲಿಸಿದ.

“ಎರಡು ಸಲ ನೋಡ್ದೆ ಅಂದ್ಯಲ್ಲೋ?”

“ಟವೆಲ್ಲು ಬುಡ್ಲಾ, ಯೋಳ್ತೀನಿ. ಆವತ್ತು ದಸರಾ ಎಕ್ಸಿಬಿಷನ್ ಇತ್ತು. ಜೈಂಟ್ ವೀಲ್ ಹತ್ತಿ ಇಳಿಯೋವಷ್ಟೊತ್ಗೆ ಕತ್ಲಾಗೋಯ್ತು. ಇಲ್ಲಿಗೆ ಬರಕ್ಕೇ ಆಗ್ನಿಲ್ಲ.”

“ಅಂಗಂತ ಫೇಲು ಅಂತ ಯೋಳೋದಾ?”

“ಪಾಸು ಅಂದು ಸುಳ್ಳಾದ್ರೆ ಪಾಪ ಅಲ್ವಾ? ಇಲ್ಲ ಅಂದ್ರೆ ನೀನೇ ಬಂದು ಇನ್ನೊಂದು ಸಲ ನೋಡ್ಕತೀಯ ಅನ್ಕಂಡೆ. ಫೇಲು ಅಂದೇಟ್ಗೆ ಸುಮ್ಕೆ ಒಪ್ಕಳೋ ಮಂಗನ್ನ ನಾನು ಎಲ್ಲಾದ್ರೂ ಕಂಡಿದ್ನಾ?”

ತಿಮ್ಮರಾಜು ಟವೆಲ್ಲು ಬಿಟ್ಟ.

ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಇನ್ನೊಂದು ಸಂಕಟ ಹೊಳೆಯಿತು. ಜೀವಮಾನದ ಸಂತೋಷದ ಸುದ್ದಿ ಜೇಬಿನಲ್ಲಿದೆ, ಯಾರಿಗೂ ಹೇಳುವಂತಿಲ್ಲ. ಹೇಳೋಣವೆಂದರೆ ಊರಿಗೆ ಅದು ಹದಿಮೂರು ವರ್ಷದಿಂದ ಗೊತ್ತು. ಪಕ್ಕದಲ್ಲಿ ಹೊನ್ನಪ್ಪ ಹಾಸ್ಟೆಲು ಸಿಕ್ಕಿತೆಂದು ಹಿಗ್ಗುತ್ತಿದ್ದ. ತಿಮ್ಮರಾಜು ಕೂಡ ಹಿಗ್ಗುತ್ತಿದ್ದ, ಬಾಯಿ ಮುಚ್ಚಿಕೊಂಡು.

ಆ ಬಾಯಿ ಹಾಗೇ ಮುಚ್ಚಿದ್ದರೆ ಚೆನ್ನಾಗಿತ್ತು. ಆದರೆ ಸಂಜೆ ಡೈರಿಯಲ್ಲಿ ಸಾಲು ನಿಂತಾಗ ಕುಳ್ಳಯ್ಯ ಎಂದಿನಂತೆ ಕ್ಯಾನು ತಂದು ಮುಂದಿಟ್ಟ. ಇನ್ನು ಇವನಿಗೆ ಹೆದರುವುದೇನು ಬಂತು ಎಂದುಕೊಂಡು ತಿಮ್ಮರಾಜು ಮೊಟ್ಟಮೊದಲ ಬಾರಿಗೆ ಆ ಹಾಲನ್ನು ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ಬಿಟ್ಟ. ಅದು ಬಾವಿಗೆ ಬಿದ್ದ ಕಲ್ಲಿನಂತೆ ಸೊಯ್ಯನೆ ಇಳಿಯಿತು.

“ಇದು ಆಲಲ್ಲ, ನಾಲೆ. ವಾಪಸ್ ತಗಂಡೋಗು” ಎಂದ, ಎಲ್ಲರಿಗೂ ಕೇಳುವ ಹಾಗೆ.

ಸಾಲು ಗೊಳ್ಳೆಂದು ನಕ್ಕಿತು. ಕುಳ್ಳಯ್ಯನ ಮುಖ ಕಪ್ಪಿಟ್ಟಿತು. “ಓಹೋ! ನನ್ನ ಆಲಿಗೆ ನೀರು ಬೆರ್ಸಿದ್ದು ಯೋಳ್ತೀಯಾ? ಅಂಗಾರೆ ನಿನ್ನ ಎಂ.ಎ.ಗೆ ಏನ್ ಬೆರ್ಸಿದ್ದು ಅಂತ ನಾನು ಯೋಳ್ಲಾ? ಕೇಳ್ರಪ್ಪೋ, ಇವ್ನು ಫೇಲು! ಎಂಬತ್ತಮೂರರಲ್ಲಿ ನಂಬರು ನೋಡ್ಕ ಬಂದೋನು ನಾನೇ. ಬೋರ್ಡಲ್ಲಿ ಇರ್ನಿಲ್ಲ. ಬೇಕಾದ್ರೆ ಬಸವಣ್ಣನ ಮ್ಯಾಲೆ ಆಣೆ ಮಾಡಿ ಯೋಳಲಿ, ಇವ್ನೇ ನಂಗೆ ಚೀಟಿ ಬರ್ದು ಕೊಟ್ಟಿದ್ನೋ ಇಲ್ವೋ?”

ನಗು ನಿಂತಿತು. ಎಲ್ಲರೂ ತಿಮ್ಮರಾಜುವನ್ನು ನೋಡಿದರು. ಸಾಲಿನ ಕೊನೆಯಲ್ಲಿ ತಮ್ಮ ಹಸುವಿನ ಹಾಲು ತಂದಿದ್ದ ಪ್ರಮೀಳಾಳೂ ನೋಡಿದಳು.

ಆದರೆ ಇವತ್ತು ತಿಮ್ಮರಾಜು ಬೆವರಲಿಲ್ಲ. ಜೇಬಿಗೆ ಕೈ ಹಾಕಿ, ಮಾರ್ಕ್ಸ್ ಕಾರ್ಡು ತೆಗೆದು, ಪಕ್ಕದಲ್ಲೇ ಕೂತಿದ್ದ ಹೊನ್ನಪ್ಪನ ಕೈಗೆ ಕೊಟ್ಟ. “ನೋಡಣ್ಣ. ಐವತ್ತೆಂಟು ಪರ್ಸೆಂಟು. ಗಟ್ಟಿಯಾಗಿ ಓದು.”

ಹೊನ್ನಪ್ಪ ಓದಿದ. ಹಿಂದೆ ಮುಂದೆ ತಿರುಗಿಸಿದ. ಬೀರುವಿನ ಕತ್ತಲಲ್ಲಿದ್ದ ಕಾಗದ ಹೊಸ ನೋಟಿನ ಹಾಗೆ ಗರಿಗರಿಯಾಗಿತ್ತು. ಮೊಹರಿನ ಮೇಲೆ ಹೆಬ್ಬೆರಳು ಒತ್ತಿದ, ಬೆರಳಿಗೆ ನೇರಳೆ ಮಸಿ ಅಂಟಿತು.

“ಲೇ, ಇದರ ಮ್ಯಾಲೆ ಇವತ್ತಿನ ತಾರೀಖು ಐತಲ್ಲೋ!”

“ಇರ್ದೇ ಏನು?” ಎಂದು ಕುಳ್ಳಯ್ಯ ಕೂಗಿದ. “ನನ್ನ ಕಣ್ಮುಂದೇನೇ ಆ ಗುಮಾಸ್ತರ ಕೈಲಿ ಸೀಲು ಒಡುಸ್ಕಂಡ. ಬಸವಣ್ಣನ ಆಣೆಗೂ ನಿಜ.” ಪುಣ್ಯಾತ್ಮ ಆಣೆ ಮಾಡಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೊನ್ನಪ್ಪ ತಲೆದೂಗಿದ. “ಅಲ್ಲಿ ನಿನ್ನ ಮಾತು ನಡೀತದೆ ಅಂತಿದ್ದೆ. ಇಷ್ಟು ನಡೀತದೆ ಅಂತ ಗೊತ್ತಿರ್ನಿಲ್ಲ ಬುಡು.”

“ಮುದ್ದೆ ಇಲ್ದಿರೋ ಜಾಗದಲ್ಲಿ ಇನ್ನೇನ್ ಕೊಟ್ಟಾರು” ಎಂದಳು ಮೊಮ್ಮಗಳ ಸುದ್ದಿ ಕೇಳಲು ಡೈರಿಗೆ ಬಂದಿದ್ದ ಬೈರಮ್ಮ.

ಹದಿಮೂರು ವರ್ಷ ಕಾಗದವೇ ಇಲ್ಲದೆ ನಂಬಿದ್ದ ಜನ ಕಾಗದ ತೋರಿಸಿದ ಮೇಲೆ ನಂಬಲಿಲ್ಲ. ತಿಮ್ಮರಾಜುವಿಗೆ ರೋಷ ಉಕ್ಕಿತು. “ಅಯ್ಯೋ, ಸುಳ್ಳಲ್ಲ ಕಣ್ರಪ್ಪ! ಈ ಕುಳ್ಳಯ್ಯ ಆವತ್ತು ಓಗೇ ಇರ್ನಿಲ್ಲ, ಜೈಂಟ್ ವೀಲ್ ಹತ್ತಕ್ಕೆ ಓಗಿದ್ದ! ಇವನ ಮಾತು ನಂಬಿ ನಾನು ಫೇಲು ಅಂತಾನೇ ಅನ್ಕಂಡಿದ್ದೆ. ಪಾಸಾಗಿದ್ದು ನಂಗೇ ಗೊತ್ತಾಗಿದ್ದು ಇವತ್ತು ಮಧ್ಯಾನ್ನ!”

ಪ್ರಮೀಳಾ ಸಾಲು ಬಿಟ್ಟು ಮುಂದೆ ಬಂದಳು. ಹೊನ್ನಪ್ಪನ ಕೈಯಿಂದ ಕಾಗದ ತೆಗೆದುಕೊಂಡು, ಬಲ್ಬಿನ ಕೆಳಗೆ ಹಿಡಿದು, ಮೇಲಿಂದ ಕೆಳಗಿನವರೆಗೆ ಓದಿದಳು. ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ಬಲ್ಲವಳು.

“ಇದು ನಿಜವಾದ ಕಾಗದವೇ” ಎಂದಳು. “ಸುಳ್ಳು ಮಾಡ್ಸೋರು ಐವತ್ತೆಂಟು ಯಾಕೆ ಹಾಕಿಸ್ಕತಾರೆ, ಎಪ್ಪತ್ತು ಹಾಕಿಸ್ಕತಿದ್ರು. ನಮ್ಮೆಜಮಾನ್ರು ಪಾಸಾಗವ್ರೆ.”

ತಿಮ್ಮರಾಜುವಿಗೆ ಜೀವ ಬಂದಂತಾಯಿತು. ಊರು ನಂಬದಿದ್ದರೆ ಕತ್ತೆ ಬಾಲ, ಮನೆಯವಳು ನಂಬಿದಳಲ್ಲ. ಕೃತಜ್ಞತೆಯಿಂದ ಅವಳ ಮುಖ ನೋಡಿದ.

ಪ್ರಮೀಳಾ ಕಾಗದವನ್ನು ಮಡಿಸುತ್ತ ಕೇಳಿದಳು:

“ಪಾಸಾಗಿರೋದು ನಿಮಗೆ ಇವತ್ತು ಮಧ್ಯಾನ್ನ ಗೊತ್ತಾಯ್ತು. ಸರಿ. ಅಂಗಾರೆ ಎಂಬತ್ತೈದರಲ್ಲಿ ನಮ್ಮಪ್ಪನ ಮುಂದೆ ಚಾಪೆ ಮೇಲೆ ಕೂತ್ಕಂಡು, ‘ನಾನು ಎಂ.ಎ. ಪಾಸಾಗಿವ್ನಿ, ಹೆಣ್ಣು ಕೊಡಿ’ ಅಂದ್ರಲ್ಲ, ಅದು ಯಾವ ಲೆಕ್ಕ?”